ಎಂಟು ಡ್ರೈವ್, ಮೂರು ಲಾಜಿಕಲ್ ಡ್ರೈವ್: ರೇಡ್ ಸರ್ವರ್‌ನಲ್ಲಿ ಜಾಗ ಹಂಚುವ ಕೆಲಸ ಮೊದಲಿಂದ ಕೊನೆವರೆಗೆ

ಹೊಸ ಸರ್ವರ್‌ಗೆ ಎಂಟು ಡ್ರೈವ್ ಹಾಕಿ ಆನ್ ಮಾಡಿದ್ದೀರಿ. ವಿಂಡೋಸ್ ಇನ್‌ಸ್ಟಾಲರ್ ಎಂಟನ್ನೂ ಬೇರೆ ಬೇರೆಯಾಗಿ ಸಾಲಾಗಿ ತೋರಿಸುತ್ತಿದೆ. ಮೊದಲನೆಯದನ್ನು ಆರಿಸಿ ನೆಕ್ಸ್ಟ್ ಒತ್ತಿಬಿಡೋಣ ಅನಿಸುತ್ತದೆ, ಅಲ್ವಾ? ಒತ್ತಬೇಡಿ. ಇನ್‌ಸ್ಟಾಲ್ ಏನೋ ಸರಿಯಾಗಿಯೇ ಆಗುತ್ತದೆ, ಸರ್ವರ್ ಒಂದೆರಡು ವರ್ಷ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಆ ಒಂದು ಡ್ರೈವ್ ಕೆಟ್ಟ ದಿನ ಗೊತ್ತಾಗುತ್ತದೆ, ದುಡ್ಡು ಕೊಟ್ಟು ತಂದ ರೇಡ್ ಕಂಟ್ರೋಲರ್ (ಹಲವು ಡ್ರೈವ್ ಒಂದಾಗಿ ಕಟ್ಟಿ, ಒಂದು ಕೆಟ್ಟರೂ ಡೇಟಾ ಉಳಿಸುವ ಸಾಧನ) ಇಷ್ಟು ದಿನ ಸುಮ್ನೆ ಕೂತಿತ್ತು ಅಂತ. ಇಂಥ ಸರ್ವರ್ ನಾನೇ ಎರಡು ನೋಡಿದ್ದೇನೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಎಚ್‌ಪಿಇ ಪ್ರೋಲಿಯಂಟ್ ಡಿಎಲ್380 ಜೆನ್10 ಸರ್ವರ್ ಮತ್ತು ಅದರೊಳಗಿನ ಸ್ಮಾರ್ಟ್ ಅರೇ ಪಿ408ಐ-ಎ ಕಂಟ್ರೋಲರ್. ಹಳೆಯದಾದರೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ, ಸಣ್ಣ ಆಫೀಸುಗಳಲ್ಲಿ ಇನ್ನೂ ಸಿಗುತ್ತದೆ. ಬೇರೆ ಕಂಪನಿಯ ಕಂಟ್ರೋಲರ್ ಇದ್ದರೆ ಮೆನು ಬೇರೆ, ಹೆಸರೂ ಬೇರೆ. ಇಲ್ಲಿ ಲಾಜಿಕಲ್ ಡ್ರೈವ್ ಅನ್ನುವುದನ್ನು ಡೆಲ್‌ನಲ್ಲಿ ವರ್ಚುವಲ್ ಡಿಸ್ಕ್ ಅನ್ನುತ್ತಾರೆ. ಯೋಚನೆ ಮಾತ್ರ ಒಂದೇ.

ನಮ್ಮ ಲೆಕ್ಕಕ್ಕೆ ಒಂದು ಆಫೀಸು. ಕಟ್ಟಡದ ನಕ್ಷೆ ಬರೆಯುವವರು, ಮೂವತ್ತು ಜನ. ಸರ್ವರ್‌ನಲ್ಲಿ 480 ಜಿಬಿಯ ಎರಡು ಎಸ್‌ಎಸ್‌ಡಿ, 4 ಟಿಬಿಯ ಆರು ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ) ಹಾರ್ಡ್ ಡಿಸ್ಕ್. ಒಂದು ಪುಟ್ಟ ಡೇಟಾಬೇಸ್ ಇದೆ, ಮಿಕ್ಕಿದ್ದೆಲ್ಲ ಫೈಲು.

ಲೇಔಟು, ಸೈಟು, ಮನೆ

ರೇಡ್ ಅಂದ ಕೂಡಲೇ ನಮ್ಮ ಕಡೆ ಲೋಕಾಯುಕ್ತ ನೆನಪಾಗುತ್ತದೆ. ಇದು ಆ ರೇಡ್ ಅಲ್ಲ. ಆದರೆ ಜಮೀನಿನ ಲೆಕ್ಕ ಇಲ್ಲೂ ಇದೆ.

ಫಿಸಿಕಲ್ ಡ್ರೈವ್‌ಗಳು ಬೇರೆ ಬೇರೆ ಸರ್ವೆ ನಂಬರಿನ ಹೊಲಗಳು ಅಂದುಕೊಳ್ಳಿ. ಅವನ್ನೆಲ್ಲ ಸೇರಿಸಿ ಒಂದು ಲೇಔಟ್ ಮಾಡಿದರೆ ಅದು ಅರೇ. ಆ ಲೇಔಟಿನಲ್ಲಿ ಕಲ್ಲು ನೆಟ್ಟು ಸೈಟು ಬಿಡಿಸಿದರೆ ಅದು ಲಾಜಿಕಲ್ ಡ್ರೈವ್. ಸೈಟಿನ ಮೇಲೆ ಹಾಕುವ ಪಾಯ ಪಾರ್ಟಿಶನ್, ಅದರ ಮೇಲಿನ ಮನೆ ಫೈಲ್ ಸಿಸ್ಟಮ್. ಆಪರೇಟಿಂಗ್ ಸಿಸ್ಟಮ್ ಅನ್ನುವ ಬಾಡಿಗೆದಾರನಿಗೆ ಹೊಲ, ಲೇಔಟು ಯಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಸೈಟು ಮಾತ್ರ, ಅದನ್ನೇ ಒಂದು ಪೂರ್ತಿ ಡಿಸ್ಕ್ ಅಂತ ನಂಬುತ್ತಾನೆ.

ಈ ಹೋಲಿಕೆ ಯಾಕೆ ಹೇಳಿದೆ ಅಂದರೆ, ಲಾಜಿಕಲ್ ಡ್ರೈವ್ ವಿಷಯದಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಈ ಪದರಗಳನ್ನು ಕಲಸಿಕೊಂಡದ್ದರಿಂದಲೇ ಹುಟ್ಟಿದ್ದು. ಡ್ರೈವ್ ಸೇರಿಸಿದೆ, ಡಿ ಡ್ರೈವ್ ದೊಡ್ಡದಾಗಲಿಲ್ಲ ಅನ್ನುತ್ತಾರೆ. ಪಕ್ಕದ ಹೊಲ ಕೊಂಡುಕೊಂಡರೆ ನಿಮ್ಮ ಅಡುಗೆಮನೆ ತಾನಾಗಿ ದೊಡ್ಡದಾಗುತ್ತದಾ? ಪ್ರತಿ ಪದರವನ್ನೂ ಬೇರೆ ಬೇರೆಯಾಗಿ, ಕೆಳಗಿನಿಂದ ಮೇಲಕ್ಕೆ ಹಿಗ್ಗಿಸಬೇಕು. ಇನ್ನೊಂದು ವಿಷಯ ಇನ್ನೂ ಮುಖ್ಯ: ಸ್ಮಾರ್ಟ್ ಅರೇಯಲ್ಲಿ ಲಾಜಿಕಲ್ ಡ್ರೈವ್ ಹಿಗ್ಗಿಸಬಹುದು, ಕುಗ್ಗಿಸಲು ಆಗದು. ನೆಟ್ಟ ಕಲ್ಲು ಹೊರಗೆ ಸರಿಯುತ್ತದೆ, ಒಳಗೆ ಸರಿಯುವುದಿಲ್ಲ. ಕೆಳಗೆ ನಾನು ಕೊಡುವ ಅರ್ಧ ಸಲಹೆಗಳಿಗೆ ಇದೇ ಕಾರಣ.

ಮೊದಲು ಹಾಳೆ, ಆಮೇಲೆ ಮೌಸು

ಸ್ಕ್ರೀನ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಡ್ರೈವ್ ಬೇಗಳ (ಡ್ರೈವ್ ಕೂರುವ ಖಾನೆಗಳ) ಚಿತ್ರ ಬರೆಯಿರಿ. ಯಾವ ಬೇಯಲ್ಲಿ ಯಾವ ಡ್ರೈವ್, ಎಷ್ಟು ಸೈಜು, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ನಾನು ಏನು ಅನುಭವಿಸಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇನ್ನು ರೇಡ್ ಮಟ್ಟ, ಅಂದರೆ ಡೇಟಾ ಕಾಯುವ ಬಗೆ. ರೇಡ್ 1 ಮತ್ತು 10ರಲ್ಲಿ ಎಲ್ಲದಕ್ಕೂ ಇನ್ನೊಂದು ಪ್ರತಿ ಇರುತ್ತದೆ; 5 ಮತ್ತು 6ರಲ್ಲಿ ಪ್ರತಿಯ ಬದಲು ಪ್ಯಾರಿಟಿ, ಅಂದರೆ ಹೋದ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ತೆಗೆಯಲು ಬೇಕಾದ ಮಾಹಿತಿ. ಇಲ್ಲಿ ಜನ ಜಾಗ ಮಾತ್ರ ಲೆಕ್ಕ ಹಾಕುತ್ತಾರೆ, ಬರೆಯುವ ವೇಗ ಲೆಕ್ಕ ಹಾಕುವುದಿಲ್ಲ. 7200 ಆರ್‌ಪಿಎಂನ ಒಂದು ಹಾರ್ಡ್ ಡಿಸ್ಕ್ ಸೆಕೆಂಡಿಗೆ ಅಂದಾಜು 75 ಚಿಲ್ಲರೆ ಓದು-ಬರಹ ಮಾಡುತ್ತದೆ ಅಂತಿಟ್ಟುಕೊಳ್ಳಿ. ಆರು ಸೇರಿದರೆ 450. ರೇಡ್ 10ರಲ್ಲಿ ಒಂದು ಸಣ್ಣ ಬರಹಕ್ಕೆ ಡಿಸ್ಕ್ ಮೇಲೆ ಎರಡು ಕೆಲಸ, ಎರಡು ಪ್ರತಿ ಬರೆಯಬೇಕಲ್ಲ. ರೇಡ್ 5ರಲ್ಲಿ ನಾಲ್ಕು: ಹಳೆ ಡೇಟಾ ಓದು, ಹಳೆ ಪ್ಯಾರಿಟಿ ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ರೇಡ್ 6ರಲ್ಲಿ ಪ್ಯಾರಿಟಿ ಎರಡು, ಹಾಗಾಗಿ ಆರು. ಅಂದರೆ ಅದೇ ಆರು ಡಿಸ್ಕ್ ರೇಡ್ 10ರಲ್ಲಿ ಸೆಕೆಂಡಿಗೆ 225 ಬರಹ ಕೊಟ್ಟರೆ ರೇಡ್ 6ರಲ್ಲಿ 75ಕ್ಕೆ ಇಳಿಯುತ್ತದೆ. ಆರು ಡಿಸ್ಕ್ ಸೇರಿ ಒಂದು ಡಿಸ್ಕಿನ ಕೆಲಸ! ಕಂಟ್ರೋಲರಿನ ಕ್ಯಾಶ್ (ಬರಹವನ್ನು ಸ್ವಲ್ಪ ಹೊತ್ತು ಹಿಡಿದಿಡುವ ವೇಗದ ಮೆಮೊರಿ) ಇದನ್ನು ಬಹಳಷ್ಟು ಮುಚ್ಚಿಹಾಕುತ್ತದೆ ನಿಜ. ಆದರೆ ಡೇಟಾಬೇಸ್ ಇಡೀ ದಿನ ಬಡಿಯುತ್ತಿದ್ದರೆ ಕ್ಯಾಶ್ ತುಂಬಿ ಬಣ್ಣ ಬಯಲಾಗುತ್ತದೆ.

ಹಾಗಾದರೆ ಎಲ್ಲವನ್ನೂ ರೇಡ್ 10 ಮಾಡಿಬಿಡೋಣ ಅಂದರೆ 24 ಟಿಬಿಯಲ್ಲಿ 12 ಟಿಬಿ ಹೋಯಿತು. ರೇಡ್ 5 ಮಾಡಿದರೆ ಜಾಗ 20 ಟಿಬಿ ಸಿಗುತ್ತದೆ, ಆದರೆ ಒಂದು ಡ್ರೈವ್ ಹೋದಾಗ ಮಿಕ್ಕ ಐದರಿಂದ 20 ಟಿಬಿಯನ್ನೂ ತಪ್ಪಿಲ್ಲದೆ ಓದಿದರೆ ಮಾತ್ರ ರೀಬಿಲ್ಡ್ (ಹೊಸ ಡ್ರೈವಿಗೆ ಕೆಟ್ಟದ್ದರ ಡೇಟಾ ಮತ್ತೆ ತುಂಬುವ ಕೆಲಸ) ಪೂರ್ತಿಯಾಗುತ್ತದೆ. ಮನೆಗೆ ಕೊಳ್ಳುವ ಮಾಮೂಲಿ ಡ್ರೈವ್‌ಗಳ ಮಾಹಿತಿ ಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ಕಡೆ ಓದಲಾಗದ ಜಾಗ ಸಿಗಬಹುದು ಅಂತ ಬರೆದಿರುತ್ತಾರೆ, ಅಂದರೆ 12.5 ಟಿಬಿಗೆ ಒಂದು. ಸರ್ವರ್ ಡ್ರೈವ್‌ಗಳಲ್ಲಿ ಇದು ಹತ್ತು ಪಟ್ಟು ಅಥವಾ ಅದಕ್ಕಿಂತ ಒಳ್ಳೆಯದು. ಆದರೂ ದೊಡ್ಡ ಹಾರ್ಡ್ ಡಿಸ್ಕಿಗೆ ರೇಡ್ 5 ಹಾಕುವುದನ್ನು ನಾನು ಬಿಟ್ಟು ತುಂಬಾ ದಿನವಾಯಿತು. ಯಾರಾದರೂ ಹಟ ಮಾಡಿದರೆ ವಾದ ಮಾಡುತ್ತೇನೆ.

ಸ್ಮಾರ್ಟ್ ಅರೇಯಲ್ಲಿ ಒಂದು ಸೌಲಭ್ಯವಿದೆ. ಒಂದೇ ಅರೇ ಮೇಲೆ ಬೇರೆ ಬೇರೆ ರೇಡ್ ಮಟ್ಟದ ಲಾಜಿಕಲ್ ಡ್ರೈವ್‌ಗಳನ್ನು ಮಾಡಬಹುದು. ನಮ್ಮ ಆಫೀಸಿಗೆ ಇದೇ ಸರಿ. ಎರಡು ಎಸ್‌ಎಸ್‌ಡಿ ಸೇರಿಸಿ ಅರೇ ಎ, ಅದರ ಮೇಲೆ ರೇಡ್ 1ರಲ್ಲಿ ಲಾಜಿಕಲ್ ಡ್ರೈವ್ 1, ಅಲ್ಲಿ ವಿಂಡೋಸ್. ಆರು ಹಾರ್ಡ್ ಡಿಸ್ಕ್ ಸೇರಿಸಿ ಅರೇ ಬಿ. ಅದರ ಮೇಲೆ ಡೇಟಾಬೇಸಿಗೆ ರೇಡ್ 10ರಲ್ಲಿ 1 ಟಿಬಿಯ ಲಾಜಿಕಲ್ ಡ್ರೈವ್ 2, ಫೈಲುಗಳಿಗೆ ರೇಡ್ 6ರಲ್ಲಿ ಲಾಜಿಕಲ್ ಡ್ರೈವ್ 3. ರೇಡ್ 10ರ 1 ಟಿಬಿ ನಿಜವಾಗಿ ತಿನ್ನುವುದು 2 ಟಿಬಿ. ಉಳಿದ 22ರಲ್ಲಿ ಆರಕ್ಕೆ ನಾಲ್ಕು ಪಾಲು ಡೇಟಾಗೆ, ಅಂದರೆ 14.67 ಟಿಬಿ.

ಆ 14.67 ಟಿಬಿಯನ್ನೂ ಒಂದೇ ಸಲ ಬಳಿದುಕೊಳ್ಳಬೇಡಿ. 10 ಟಿಬಿ ಮಾಡಿ, ಮಿಕ್ಕಿದ್ದನ್ನು ಹಾಗೇ ಬಿಡಿ. ಫೈಲುಗಳ ಜಾಗ ತುಂಬಿದರೆ ಅದನ್ನು ಹಿಗ್ಗಿಸಬಹುದು, ಡೇಟಾಬೇಸ್ ಬೆಳೆದರೆ ಅದನ್ನು ಹಿಗ್ಗಿಸಬಹುದು. ಮೊದಲೇ ಪೂರ್ತಿ ಕೊಟ್ಟುಬಿಟ್ಟರೆ ವಾಪಸ್ ತೆಗೆದುಕೊಳ್ಳುವ ದಾರಿಯೇ ಇಲ್ಲ.

ಹಾಗಂತ ಲಾಜಿಕಲ್ ಡ್ರೈವ್ 2 ಮತ್ತು 3 ಪೂರ್ತಿ ಬೇರೆ ಬೇರೆ ಅಂದುಕೊಳ್ಳಬೇಡಿ. ಎರಡಕ್ಕೂ ಅದೇ ಆರು ಡಿಸ್ಕ್. ಯಾರೋ 200 ಜಿಬಿ ಕಾಪಿ ಹಚ್ಚಿದರೆ ಡೇಟಾಬೇಸೂ ಏದುಸಿರು ಬಿಡುತ್ತದೆ. ಒಂದು ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಡಿಗ್ರೇಡ್ ಆಗುತ್ತವೆ, ಅಂದರೆ ರಕ್ಷಣೆ ಕಡಿಮೆಯಾಗಿ ಕುಂಟುತ್ತವೆ.

ಬ್ಯಾಟರಿ, ಫರ್ಮ್‌ವೇರ್, ಮತ್ತು 32,768 ಗಂಟೆ

ಪಿ408ಐ-ಎಯಲ್ಲಿ 2 ಜಿಬಿ ಕ್ಯಾಶ್ ಇದೆ. ಕರೆಂಟ್ ಹೋದಾಗ ಅದರಲ್ಲಿರುವುದನ್ನು ಫ್ಲ್ಯಾಶ್‌ಗೆ ಬರೆದಿಡಲು ಬೇಕಾದಷ್ಟು ಹೊತ್ತು ಶಕ್ತಿ ಕೊಡುವುದು ಸರ್ವರ್ ಒಳಗಿನ ಸ್ಮಾರ್ಟ್ ಸ್ಟೋರೇಜ್ ಬ್ಯಾಟರಿ. ಬ್ಯಾಟರಿ ಚಾರ್ಜ್ ಆಗಿಲ್ಲದಿದ್ದರೆ ಅಥವಾ ಸತ್ತಿದ್ದರೆ ಬರೆಯುವ ಕ್ಯಾಶ್ ನಿಂತುಹೋಗುತ್ತದೆ. ಹೊಸ ಸರ್ವರ್ ಆನ್ ಮಾಡಿದ ಅರ್ಧ ಗಂಟೆಯಲ್ಲೇ ವೇಗ ಅಳೆದು "ಇದೇನ್ರೀ ಇಷ್ಟು ಸ್ಲೋ" ಅನ್ನುವವರು ಸ್ವಲ್ಪ ತಡೆಯಿರಿ, ಚಾರ್ಜ್ ಆಗಲಿ. ಸೆಕೆಂಡ್ ಹ್ಯಾಂಡ್ ಸರ್ವರ್ ಆದರೆ ಬ್ಯಾಟರಿಯ ಸ್ಥಿತಿಯನ್ನೇ ಮೊದಲು ನೋಡಿ. ಬ್ಯಾಟರಿ ಇಲ್ಲದೆಯೂ ಬರೆಯುವ ಕ್ಯಾಶ್ ಆನ್ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆ. ಅದನ್ನು ಮುಟ್ಟಲೇಬೇಡಿ.

ಫರ್ಮ್‌ವೇರ್ (ಡ್ರೈವ್, ಕಂಟ್ರೋಲರ್ ಒಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಅಂದರೆ ಎಲ್ಲರಿಗೂ ಬೇಜಾರು. ಅವರಿಗೆ ನಾನು ಈ ಕಥೆ ಹೇಳುತ್ತೇನೆ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಒಂದು ಎಚ್ಚರಿಕೆ ಹೊರಡಿಸಿತು. ಅವರ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು ಎಚ್‌ಪಿಡಿ8ಕ್ಕಿಂತ ಹಳೆಯ ಫರ್ಮ್‌ವೇರ್‌ನಲ್ಲಿದ್ದರೆ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸಾಯುತ್ತವೆ, ಒಳಗಿನ ಡೇಟಾ ಮತ್ತೆ ಸಿಗುವುದಿಲ್ಲ ಅಂತ. 32,768 ಗಂಟೆ ಅಂದರೆ 3 ವರ್ಷ 270 ದಿನ 8 ಗಂಟೆ. ಒಂದೇ ದಿನ ಆನ್ ಆದ ಡ್ರೈವ್‌ಗಳ ಗಡಿಯಾರ ಒಂದೇ. ಹಾಗಾಗಿ ರೇಡ್ 1ರ ಎರಡೂ ಪ್ರತಿಗಳು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಇದಕ್ಕೆ ಯಾವ ರೇಡ್ ಏನು ಮಾಡೀತು? ಕಂಟ್ರೋಲರ್ ಮತ್ತು ಡ್ರೈವ್ ಎರಡರ ಫರ್ಮ್‌ವೇರನ್ನೂ ಡೇಟಾ ಹಾಕುವ ಮುಂಚೆಯೇ ಮುಗಿಸಿಬಿಡಿ. ಖಾಲಿ ಸರ್ವರ್‌ಗೆ ಅಪ್‌ಡೇಟ್ ಮಾಡುವಾಗ ಇರುವ ಧೈರ್ಯ ಆಮೇಲೆ ಬರುವುದಿಲ್ಲ.

ಈಗ ಕಟ್ಟೋಣ

ಸರ್ವರ್ ಆನ್ ಆಗುವಾಗ ಎಫ್10 ಒತ್ತಿ, ಇಂಟೆಲಿಜೆಂಟ್ ಪ್ರೊವಿಶನಿಂಗ್ ತೆರೆಯುತ್ತದೆ. ಅಲ್ಲಿಂದ ಸ್ಮಾರ್ಟ್ ಸ್ಟೋರೇಜ್ ಅಡ್ಮಿನಿಸ್ಟ್ರೇಟರ್‌ಗೆ ಹೋಗಿ. ಇನ್ನು ಮುಂದೆ ಇದನ್ನು ಎಸ್‌ಎಸ್‌ಎ ಅನ್ನೋಣ. ವಿಂಡೋಸ್ ಹಾಕಿದ ಮೇಲೆ ಇದೇ ಸಾಫ್ಟ್‌ವೇರನ್ನು ಅಲ್ಲೂ ಇನ್‌ಸ್ಟಾಲ್ ಮಾಡಿಕೊಳ್ಳಬಹುದು, ಬ್ರೌಸರ್‌ನಲ್ಲಿ ತೆರೆಯುತ್ತದೆ. ಕಮಾಂಡ್ ಇಷ್ಟಪಡುವವರಿಗೆ ಎಸ್‌ಎಸ್‌ಎಸಿಎಲ್‌ಐ ಇದೆ. ವಿಎಂವೇರ್ ಹೋಸ್ಟ್ ಆದರೆ ಅದೇ ಗತಿ.

ಎಡಗಡೆ ಕಂಟ್ರೋಲರ್ ಆರಿಸಿ, ಕಾನ್ಫಿಗರ್ ಒತ್ತಿ. ಅನ್‌ಅಸೈನ್ಡ್ ಡ್ರೈವ್ಸ್ ಅಂತ ಎಂಟೂ ಕಾಣಬೇಕು. ಏಳೇ ಕಂಡರೆ ಮುಂದೆ ಹೋಗಬೇಡಿ. ಒಂದು ಡ್ರೈವ್ ಸರಿಯಾಗಿ ಕೂತಿಲ್ಲ, ತೆಗೆದು ಕ್ಲಿಕ್ ಅನ್ನುವ ತನಕ ಒತ್ತಿ ಹಾಕಿ.

ಕ್ರಿಯೇಟ್ ಅರೇ ಒತ್ತಿ ಎರಡು ಎಸ್‌ಎಸ್‌ಡಿಗಳನ್ನು ಮಾತ್ರ ಟಿಕ್ ಮಾಡಿ. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಯನ್ನಾಗಲಿ, ಎಸ್‌ಎಎಸ್ ಮತ್ತು ಸಾಟಾವನ್ನಾಗಲಿ ಒಂದು ಅರೇಯಲ್ಲಿ ಬೆರೆಸಲು ಬಿಡುವುದಿಲ್ಲ. ಮುಂದಿನ ಪುಟದಲ್ಲಿ ರೇಡ್ 1, ಪೂರ್ತಿ ಸೈಜು, ಮಿಕ್ಕಿದ್ದು ಇದ್ದ ಹಾಗೇ ಇರಲಿ. ಎಸ್‌ಎಸ್‌ಡಿ ಅರೇಗೆ ಕ್ಯಾಶ್ ಬದಲು ಬೈಪಾಸ್ ಅನ್ನುವ ಆಯ್ಕೆ ತಾನಾಗಿ ಬಂದಿರುತ್ತದೆ, ಬೂಟ್ ಡ್ರೈವಿಗೆ ಅದು ಸಾಕು. ಕ್ರಿಯೇಟ್ ಲಾಜಿಕಲ್ ಡ್ರೈವ್ ಒತ್ತಿದರೆ ಒಂದು ಮುಗಿಯಿತು. ಈ ಗಳಿಗೆಯಿಂದ ಆ ಎರಡು ಎಸ್‌ಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ.

ಎರಡನೇ ಸಲ ಕ್ರಿಯೇಟ್ ಅರೇ, ಆರು ಹಾರ್ಡ್ ಡಿಸ್ಕ್. ಈ ಪುಟದಲ್ಲಿ ಸ್ವಲ್ಪ ನಿಲ್ಲೋಣ. ರೇಡ್ ಮಟ್ಟ ರೇಡ್ 10 ಆರಿಸಿ. ಸ್ಕ್ರೀನ್ ಇದನ್ನು 1+0 ಅನ್ನುತ್ತದೆ. ಸೈಜು ಅದಾಗಿಯೇ ಮ್ಯಾಕ್ಸಿಮಮ್ ಅಂತ ಇರುತ್ತದೆ, ಅದನ್ನು ಬದಲಿಸಿ 1 ಟಿಬಿ ಬರೆಯಿರಿ. ಇಲ್ಲಿಯೇ ಜಾಸ್ತಿ ಜನ ಎಡವುವುದು: ನೋಡದೆ ಮುಂದೆ ಒತ್ತಿದರೆ 12 ಟಿಬಿಯೂ ರೇಡ್ 10 ಆಗಿ, ಲಾಜಿಕಲ್ ಡ್ರೈವ್ 3ಕ್ಕೆ ಜಾಗವೇ ಇರುವುದಿಲ್ಲ. ಹಾಗಾದರೆ ಅಳಿಸಿ ಮತ್ತೆ ಮಾಡಿ, ಈಗ ಡೇಟಾ ಏನೂ ಇಲ್ಲವಲ್ಲ.

ಅದು ಆದ ಮೇಲೆ ಅರೇ ಬಿ ಆರಿಸಿದರೆ ಇನ್ನೂ ಬಳಸದ ಜಾಗ ಕಾಣುತ್ತದೆ. ಅದರ ಮೇಲೆ ಕ್ರಿಯೇಟ್ ಲಾಜಿಕಲ್ ಡ್ರೈವ್, ರೇಡ್ 6, 10 ಟಿಬಿ. ಸ್ಟ್ರಿಪ್ ಸೈಜ್ (ಒಂದು ಸಾಲಿನಲ್ಲಿ ಒಂದು ಡಿಸ್ಕ್ ಮೇಲೆ ಬೀಳುವ ತುಂಡು) 256 ಕೆಬಿ ಅಂತ ಇರುತ್ತದೆ, ಹಾಗೇ ಬಿಡಿ. ಆರು ಡಿಸ್ಕಿನ ರೇಡ್ 6ರಲ್ಲಿ ಡೇಟಾ ಹೊರುವುದು ಒಂದು ಸಾಲಿಗೆ ನಾಲ್ಕು. ನಾಲ್ಕು ಸಲ 256 ಅಂದರೆ ಸರಿಯಾಗಿ 1 ಎಂಬಿ. ವಿಂಡೋಸ್, ಲಿನಕ್ಸ್ ಎರಡೂ ಪಾರ್ಟಿಶನ್ ಶುರು ಮಾಡುವುದೂ 1 ಎಂಬಿಯ ಅಂಚಿನಲ್ಲೇ. ಸಾಲು ಸಾಲಿಗೆ ತಾಳೆಯಾಗುತ್ತದೆ, ಎರಡು ಸಾಲಿನ ಮೇಲೆ ಕಾಲು ಚಾಚುವ ಬರಹ ಕಡಿಮೆ. ಇನ್ನೇನು ಬೇಕು?

ಪ್ಯಾರಿಟಿ ಇನಿಶಿಯಲೈಸೇಶನ್ ಅಂತ ಇನ್ನೊಂದು ಪ್ರಶ್ನೆ. ಡೀಫಾಲ್ಟ್ ಬಿಟ್ಟರೆ ಡ್ರೈವ್ ಕೂಡಲೇ ಬಳಕೆಗೆ ಸಿಗುತ್ತದೆ, ಪ್ಯಾರಿಟಿ ಲೆಕ್ಕ ಹಿಂದಿನಿಂದ ನಡೆಯುತ್ತಿರುತ್ತದೆ, ಅದು ಮುಗಿಯುವ ತನಕ ಬರೆಯುವುದು ಮಂದ. ರ‍್ಯಾಪಿಡ್ ಆರಿಸಿದರೆ ಎಲ್ಲ ಮುಗಿದ ಮೇಲೆಯೇ ಆಪರೇಟಿಂಗ್ ಸಿಸ್ಟಮ್‌ಗೆ ಕಾಣುತ್ತದೆ. ಶುಕ್ರವಾರ ಸಂಜೆ ಹಚ್ಚಿ ಸೋಮವಾರ ಬರುವುದಾದರೆ ರ‍್ಯಾಪಿಡ್. ಇವತ್ತೇ ಕೆಲಸ ಶುರುವಾಗಬೇಕಾದರೆ ಡೀಫಾಲ್ಟ್.

ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ರೇಶಿಯೋ 10 ಓದಿಗೆ, 90 ಬರಹಕ್ಕೆ ಅಂತ ಇರುತ್ತದೆ, ಸರಿಯಾಗಿದೆ. ಡ್ರೈವ್‌ಗಳೊಳಗೇ ಇರುವ ಬರೆಯುವ ಕ್ಯಾಶ್ ಆಫ್ ಇರಲಿ, ಅದಕ್ಕೆ ಈ ಬ್ಯಾಟರಿಯ ಕಾವಲಿಲ್ಲ.

ಸ್ಪೇರ್ ಇಡಬೇಕಾ?

ಹಾರ್ಡ್ ಡಿಸ್ಕಿನ ಆರು ಬೇಯೂ ತುಂಬಿವೆ. ಐದನ್ನು ರೇಡ್ 6ಕ್ಕೆ ಕೊಟ್ಟು ಒಂದನ್ನು ಸ್ಪೇರ್ (ಯಾವುದಾದರೂ ಕೆಟ್ಟರೆ ಅದರ ಜಾಗಕ್ಕೆ ಬರಲು ಕಾಯುವ ಡ್ರೈವ್) ಇಟ್ಟರೆ, ಬರೀ ರೇಡ್ 6ರ ಲೆಕ್ಕದಲ್ಲಿ ಒಟ್ಟು ಜಾಗ 16ರಿಂದ 12 ಟಿಬಿಗೆ ಇಳಿಯುತ್ತದೆ. ದಿನಾ ಜನ ಬರುವ ಆಫೀಸಿಗೆ ನಾನು ಸ್ಪೇರ್ ಹಾಕುವುದಿಲ್ಲ, ಅದೇ ಮಾಡೆಲ್ ಡ್ರೈವ್ ಒಂದನ್ನು ಬೀರುವಿನಲ್ಲಿ ಇಡಿಸುತ್ತೇನೆ. ಸರ್ವರ್ ಕಾರವಾರದಲ್ಲಿದ್ದು ನೀವು ಬೆಂಗಳೂರಿನಲ್ಲಿದ್ದರೆ ಮಾತು ಬೇರೆ, ಆಗ ಸ್ಪೇರ್ ಇರಲೇಬೇಕು. ಆರಿಸುವಾಗ ಎರಡು ಬಗೆ ಕೇಳುತ್ತದೆ. ಡೆಡಿಕೇಟೆಡ್ ಆದರೆ ಕೆಟ್ಟ ಡ್ರೈವ್ ಬದಲಿಸಿದ ಮೇಲೆ ಡೇಟಾ ಅಲ್ಲಿಗೆ ವಾಪಸ್ ಹೋಗಿ ಸ್ಪೇರ್ ಮತ್ತೆ ಸ್ಪೇರ್ ಆಗುತ್ತದೆ, ಎರಡು ಮೂರು ಅರೇಗಳಿಗೆ ಹಂಚಲೂಬಹುದು. ಆಟೋ ರಿಪ್ಲೇಸ್ ಆದರೆ ಸ್ಪೇರ್ ಖಾಯಂ ಆಗಿ ಅರೇಗೆ ಸೇರಿಬಿಡುತ್ತದೆ. ಯಾವುದೇ ಆದರೂ ಸ್ಪೇರಿನ ಸೈಜು ಮಿಕ್ಕವಕ್ಕಿಂತ ಕಡಿಮೆ ಇರಬಾರದು.

ವಿಂಡೋಸ್ ಕಡೆ

ಇನ್‌ಸ್ಟಾಲರ್‌ನಲ್ಲಿ ಈಗ ಮೂರೇ ಡಿಸ್ಕ್ ಕಾಣಬೇಕು. ಏನೂ ಕಾಣದಿದ್ದರೆ ಹೆದರಬೇಡಿ, ಕಂಟ್ರೋಲರಿನ ಡ್ರೈವರ್ ಲೋಡ್ ಮಾಡಬೇಕು ಅಷ್ಟೇ. 10 ಟಿಬಿ ಅಂತ ಮಾಡಿದ್ದು ವಿಂಡೋಸ್‌ನಲ್ಲಿ 9.09 ಟಿಬಿ ಅಂತ ಕಂಡರೆ ಯಾರೂ ಕದ್ದಿಲ್ಲ. ಡ್ರೈವ್ ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಲಾಜಿಕಲ್ ಡ್ರೈವ್ 3ಕ್ಕೆ ಜಿಪಿಟಿ (ಪಾರ್ಟಿಶನ್‌ಗಳ ಪಟ್ಟಿ ಇಡುವ ಹೊಸ ಪದ್ಧತಿ) ಪಾರ್ಟಿಶನ್ನೇ ಬೇಕು. ಹಳೆ ಎಂಬಿಆರ್‌ನಲ್ಲಿ 2 ಟಿಬಿಯ ಮೇಲಿನ ಜಾಗ ಸಿಗುವುದಿಲ್ಲ. ಇನ್ನು ಫಾರ್ಮ್ಯಾಟ್ ಮಾಡುವಾಗ ಯಾರೂ ನೋಡದ ಒಂದು ಡಬ್ಬಿ ಇದೆ, ಅಲೊಕೇಶನ್ ಯೂನಿಟ್ ಸೈಜ್, ಅಂದರೆ ಫೈಲಿಗೆ ಜಾಗ ಕೊಡುವ ಅತಿ ಸಣ್ಣ ತುಂಡು. ಡೀಫಾಲ್ಟ್ ಬಿಟ್ಟರೆ 4 ಕೆಬಿ. 4 ಕೆಬಿಯ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) 16 ಟಿಬಿಗಿಂತ ದೊಡ್ಡದಾಗಲಾರದು. ಇವತ್ತು ನಿಮಗೆ 16 ಬೇಡ. ನಾಲ್ಕು ವರ್ಷ ಬಿಟ್ಟು 8 ಟಿಬಿ ಡ್ರೈವ್‌ಗಳನ್ನು ಹಾಕಿ, ಅರೇ ದೊಡ್ಡದಾಗಿ, ಲಾಜಿಕಲ್ ಡ್ರೈವ್ ದೊಡ್ಡದಾಗಿ, ಕೊನೆಯ ಮೆಟ್ಟಿಲಲ್ಲಿ ವಿಂಡೋಸ್ ಆಗಲ್ಲ ಅನ್ನುತ್ತದೆ. ಆಗ ಇರುವ ದಾರಿ ಎಲ್ಲ ಡೇಟಾ ಹೊರಗೆ ತೆಗೆದು ಮತ್ತೆ ಫಾರ್ಮ್ಯಾಟ್. 64 ಕೆಬಿ ಆರಿಸಿದರೆ ಈ ಮಿತಿ 256 ಟಿಬಿ. ದೊಡ್ಡ ನಕ್ಷೆ ಫೈಲುಗಳಿಗೆ 64 ಚೆನ್ನಾಗಿಯೇ ಇರುತ್ತದೆ. ಎನ್‌ಟಿಎಫ್‌ಎಸ್ ಕಂಪ್ರೆಶನ್ ಮಾತ್ರ ಸಿಗುವುದಿಲ್ಲ.

ಲಿನಕ್ಸ್ ಆದರೆ ಎಲ್‌ವಿಎಂ (ಡಿಸ್ಕ್ ಜಾಗ ಹಂಚಿಕೊಡುವ ಪದರ) ಹಾಕಿ, ಮೌಂಟ್ ಮಾಡುವಾಗ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರು ನಂಬಬೇಡಿ. ಒಂದು ಲಾಜಿಕಲ್ ಡ್ರೈವ್ ಸೇರಿಸಿ ರೀಬೂಟ್ ಮಾಡಿದರೆ ಹೆಸರು ಅದಲುಬದಲಾಗಬಹುದು. ಯುಯುಐಡಿ (ಹೆಸರು ಬದಲಾದರೂ ಬದಲಾಗದ ಗುರುತು) ಬಳಸಿ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಿಗ್ಗುತ್ತದೆ, ಕುಗ್ಗುವುದಿಲ್ಲ, ಇದೂ ನಮ್ಮ ಲಾಜಿಕಲ್ ಡ್ರೈವಿನ ಸಂಬಂಧಿಕನೇ.

ಕೆಟ್ಟ ದಿನ

ಒಂದು ಡ್ರೈವ್ ಹೋದರೆ ಎಸ್‌ಎಸ್‌ಎಯಲ್ಲಿ ಲಾಜಿಕಲ್ ಡ್ರೈವಿನ ಮುಂದೆ ಇಂಟೆರಿಮ್ ರಿಕವರಿ ಮೋಡ್ ಅಂತ ಬರುತ್ತದೆ. ಹೆಸರು ಸಾಧುವಾಗಿದೆ, ಅರ್ಥ ಮಾತ್ರ "ಕುಂಟುತ್ತಾ ನಡೀತಿದ್ದೀನಿ, ಬೇಗ ಬಾ" ಅಂತ. ಫೈಲುಗಳು ತೆರೆಯುತ್ತಿರುತ್ತವೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದೇ ಅಪಾಯ. ಆದ್ದರಿಂದ ದಿನಕ್ಕೊಂದು ಸಲ ಎಸ್‌ಎಸ್‌ಎಸಿಎಲ್‌ಐಯಿಂದ ಸ್ಥಿತಿ ಓದಿ, ಓಕೆ ಅಲ್ಲದ್ದು ಏನೇ ಇದ್ದರೂ ಮೇಲ್ ಕಳಿಸುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಮೊದಲ ವಾರವೇ ಹಾಕಿ. ಐಎಲ್‌ಒದಲ್ಲೂ (ದೂರದಿಂದ ಸರ್ವರ್ ನೋಡಿಕೊಳ್ಳಲು ಅದರೊಳಗೇ ಇರುವ ವ್ಯವಸ್ಥೆ) ಮೇಲ್ ಕಳಿಸುವ ವ್ಯವಸ್ಥೆ ಇದೆ, ಆದರೆ ಅದಕ್ಕೆ ಲೈಸೆನ್ಸ್ ಬೇಕು.

ಬದಲಿಸುವ ಕೆಲಸ ಸುಲಭ: ಕೆಟ್ಟದ್ದನ್ನು ಎಳೆಯಿರಿ, ಹೊಸದನ್ನು ತಳ್ಳಿ, ರೀಬಿಲ್ಡ್ ತಾನಾಗಿ ಶುರುವಾಗುತ್ತದೆ. ಸರ್ವರ್ ಆಫ್ ಮಾಡುವುದೂ ಬೇಡ. ಕಷ್ಟ ಇರುವುದು "ಕೆಟ್ಟದ್ದನ್ನು" ಅನ್ನುವ ಪದದಲ್ಲಿ.

ಕೆಲವು ವರ್ಷದ ಹಿಂದೆ ಒಂದು ಹಳೆ ಸರ್ವರ್, ಹೆಸರು ಬೇಡ. ನಾಲ್ಕು ಡ್ರೈವಿನ ರೇಡ್ 5. ಮೆಟ್ಟಿಲ ಕೆಳಗಿನ ಕತ್ತಲು ಕೋಣೆಯಲ್ಲಿ ಇಟ್ಟಿದ್ದರು. ಲಾಗ್‌ನಲ್ಲಿ ಬೇ 3 ಕೆಟ್ಟಿದೆ ಅಂತ ಇತ್ತು. ನಾನು ಎಡಗಡೆಯಿಂದ ಒಂದು, ಎರಡು, ಮೂರು ಎಣಿಸಿ ಮೂರನೆಯದನ್ನು ಎಳೆದೆ. ಆ ಮೆಷಿನ್ನಿನ ಎಣಿಕೆ ಸೊನ್ನೆಯಿಂದ ಶುರು! ನಿಜವಾಗಿ ಕೆಟ್ಟದ್ದು ನಾಲ್ಕನೆಯದು, ಅದರ ದೀಪವೇ ಪೂರ್ತಿ ಆರಿಹೋಗಿತ್ತು, ಹಾಗಾಗಿ ಅದನ್ನು ಖಾಲಿ ಮುಚ್ಚಳ ಅಂದುಕೊಂಡಿದ್ದೆ. ನಾನು ಎಳೆದದ್ದರ ದೀಪ ಹಸಿರಾಗಿ ಮಿನುಗುತ್ತಿತ್ತು. ಕೈಯಲ್ಲಿ ಡ್ರೈವ್ ಇನ್ನೂ ಗುಯ್ ಅನ್ನುತ್ತಿರುವಾಗಲೇ ಮೇಲಿನಿಂದ ಯಾರೋ "ಸಾರ್, ಫೋಲ್ಡರ್ ಹೋಯ್ತು" ಅಂದರು.

ಆಗ ಮಾಡಿದ್ದು ಇಷ್ಟು. ಇನ್ನೇನನ್ನೂ ಮುಟ್ಟದೆ ಸರ್ವರ್ ಆಫ್ ಮಾಡಿದೆ. ಅದೇ ಡ್ರೈವನ್ನು ಅದೇ ಬೇಗೆ ವಾಪಸ್ ಹಾಕಿದೆ. ಆನ್ ಮಾಡಿದಾಗ, ಡೇಟಾ ಸ್ವಲ್ಪ ಹೋಗಿರಬಹುದು, ಒಪ್ಪಿಕೊಂಡು ಲಾಜಿಕಲ್ ಡ್ರೈವ್ ಮತ್ತೆ ಶುರು ಮಾಡಲೇ ಅಂತ ಕೇಳಿತು. ಒಪ್ಪಿಕೊಂಡೆ. ರಾತ್ರಿಯೆಲ್ಲ ಚೆಕ್‌ಡಿಸ್ಕ್ ಓಡಿತು. ಎರಡು ಫೈಲು ಹಾಳಾಗಿದ್ದವು, ಹಿಂದಿನ ರಾತ್ರಿಯ ಬ್ಯಾಕಪ್‌ನಲ್ಲಿ ಸಿಕ್ಕಿದವು. ಆವತ್ತು ಗಾಬರಿಯಲ್ಲಿ ಹಳೆ ಕಾನ್ಫಿಗರೇಶನ್ ಅಳಿಸಿ ಹೊಸ ಲಾಜಿಕಲ್ ಡ್ರೈವ್ ಮಾಡಿದ್ದರೆ ಎಲ್ಲ ಮುಗಿದಿರುತ್ತಿತ್ತು. ಲಾಜಿಕಲ್ ಡ್ರೈವ್ ಫೇಲ್ಡ್ ಅಂತ ಬಂದಾಗ ಕ್ರಿಯೇಟ್, ಡಿಲೀಟ್, ಕ್ಲಿಯರ್ ಅನ್ನುವ ಯಾವ ಬಟನ್ನಿನ ಹತ್ತಿರವೂ ಹೋಗಬೇಡಿ. ರೇಡಿನ ಕಾನ್ಫಿಗರೇಶನ್ ಡ್ರೈವ್‌ಗಳ ಮೇಲೆಯೇ ಬರೆದಿರುತ್ತದೆ. ಕಂಟ್ರೋಲರ್ ಸುಟ್ಟುಹೋದರೂ ಅದೇ ಬಗೆಯ ಇನ್ನೊಂದು ಕಂಟ್ರೋಲರಿಗೆ ಹಾಕಿದರೆ ಲಾಜಿಕಲ್ ಡ್ರೈವ್‌ಗಳು ಮತ್ತೆ ಕಾಣುತ್ತವೆ.

ಹಾಗಾಗಿ ಈಗ ನಾನು ಎಣಿಸುವುದೇ ಇಲ್ಲ. ಎಸ್‌ಎಸ್‌ಎಯಲ್ಲಿ ಆ ಡ್ರೈವಿನ ದೀಪ ಮಿನುಗಿಸುವ ಆಯ್ಕೆ ಇದೆ, ಅದನ್ನು ಒತ್ತುತ್ತೇನೆ. ಹಾಳೆಯ ಸೀರಿಯಲ್ ನಂಬರ್ ತಾಳೆ ನೋಡುತ್ತೇನೆ. ಈ ಸರ್ವರ್‌ನ ಟ್ರೇಗಳಲ್ಲಿ ಎಳೆಯಬೇಡ ಅನ್ನುವುದಕ್ಕೇ ಒಂದು ದೀಪವಿದೆ, ಅದು ಉರಿಯುತ್ತಿದ್ದರೆ ಕೈ ಹಿಂದಕ್ಕೆ.

ರೀಬಿಲ್ಡ್ ಎಷ್ಟು ಹೊತ್ತು? 4 ಟಿಬಿಯನ್ನು ಸೆಕೆಂಡಿಗೆ 100 ಎಂಬಿಯಂತೆ ಬರೆದರೂ 11 ಗಂಟೆ. ಆಫೀಸಿನ ಕೆಲಸ ನಡೆಯುತ್ತಿದ್ದರೆ ಇನ್ನೂ ಜಾಸ್ತಿ. ರೀಬಿಲ್ಡ್ ಪ್ರಯಾರಿಟಿಯನ್ನು ಹಗಲು ಮೀಡಿಯಮ್, ರಾತ್ರಿ ಹೈ ಮಾಡಬಹುದು. ಮುಗಿಯುವ ತನಕ ಎರಡನೇ ಡ್ರೈವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಅದರ ಮೇಲೆ ಕೆಡುವ ಮುನ್ಸೂಚನೆಯ ಹಳದಿ ದೀಪ ಮಿನುಗುತ್ತಿದ್ದರೂ ಸರಿ.

ಜಾಗ ಹಿಗ್ಗಿಸುವುದು

ಫೈಲುಗಳ ಜಾಗ ತುಂಬಿತು, ಉಳಿಸಿಟ್ಟ ಜಾಗದಿಂದ 2 ಟಿಬಿ ಕೊಡೋಣ. ಬ್ಯಾಕಪ್ ಮುಗಿದಿದೆ, ಬ್ಯಾಟರಿ ಸರಿಯಿದೆ, ಯಾವ ಲಾಜಿಕಲ್ ಡ್ರೈವೂ ಡಿಗ್ರೇಡ್ ಆಗಿಲ್ಲ, ಈ ಮೂರು ನೋಡಿಕೊಳ್ಳಿ. ಎಸ್‌ಎಸ್‌ಎಯಲ್ಲಿ ಲಾಜಿಕಲ್ ಡ್ರೈವ್ 3 ಆರಿಸಿ ಎಕ್ಸ್‌ಟೆಂಡ್ ಒತ್ತಿ. ಕೇಳುವುದು ಹೊಸ ಒಟ್ಟು ಸೈಜು, ಅಂದರೆ 12, ಸೇರಿಸುವ 2 ಅಲ್ಲ. ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೀಸ್ಕ್ಯಾನ್, ಡಿಸ್ಕಿನ ಕೊನೆಯಲ್ಲಿ ಖಾಲಿ ಜಾಗ ಬರುತ್ತದೆ, ವಾಲ್ಯೂಮ್ ಮೇಲೆ ಎಕ್ಸ್‌ಟೆಂಡ್. ಲಿನಕ್ಸ್ ಎಲ್‌ವಿಎಂ ಆದರೆ ಮೆಟ್ಟಿಲು ಜಾಸ್ತಿ: ಡಿಸ್ಕ್ ರೀಸ್ಕ್ಯಾನ್, ಪಾರ್ಟಿಶನ್, ಫಿಸಿಕಲ್ ವಾಲ್ಯೂಮ್, ಲಾಜಿಕಲ್ ವಾಲ್ಯೂಮ್, ಕೊನೆಗೆ ಫೈಲ್ ಸಿಸ್ಟಮ್. ಒಂದು ಬಿಟ್ಟರೂ ಜಾಗ ಅಲ್ಲೇ ನಿಲ್ಲುತ್ತದೆ.

ಖಾಲಿ ಬೇ ಇದ್ದವರು ಹೊಸ ಡ್ರೈವ್ ಹಾಕಿ ಎಕ್ಸ್‌ಪ್ಯಾಂಡ್ ಅರೇ ಮಾಡಬಹುದು. ಕಂಟ್ರೋಲರ್ ಎಲ್ಲ ಡೇಟಾವನ್ನೂ ಹೊಸ ಡ್ರೈವ್ ಸೇರಿಸಿಕೊಂಡು ಮತ್ತೆ ಹಂಚುತ್ತದೆ. ದಿನಗಟ್ಟಲೆ ಹಿಡಿಯಬಹುದು, ಮಧ್ಯದಲ್ಲಿ ಬೇಡ ಅನ್ನಲು ಆಗದು. ನಮ್ಮ ಹಾಗೆ ಬೇ ಖಾಲಿ ಇಲ್ಲದವರು ಒಂದೊಂದೇ ಡ್ರೈವ್ ತೆಗೆದು ದೊಡ್ಡದನ್ನು ಹಾಕಿ, ರೀಬಿಲ್ಡ್ ಮುಗಿಸಿ, ಮುಂದಿನದಕ್ಕೆ ಹೋಗಬೇಕು. ಆರು ಸಲ. ಆರನೆಯದು ಮುಗಿಯುವ ತನಕ ಹೊಸ ಜಾಗ ಒಂದಿಷ್ಟೂ ಕಾಣುವುದಿಲ್ಲ. ರೇಡ್ 6ರಲ್ಲಿ ಇದನ್ನು ನಿಶ್ಚಿಂತೆಯಿಂದ ಮಾಡಬಹುದು, ಒಂದು ತೆಗೆದಾಗಲೂ ಇನ್ನೊಂದು ಕೆಡಲು ಅವಕಾಶವಿದೆ. ಲಾಜಿಕಲ್ ಡ್ರೈವ್ 2 ರೇಡ್ 10 ಅಲ್ವಾ, ಅಲ್ಲಿ ತೆಗೆದ ಡ್ರೈವಿನ ಜೋಡಿಯೇ ಆ ಹೊತ್ತಿಗೆ ಕೆಟ್ಟರೆ ಡೇಟಾಬೇಸ್ ಹೋಯಿತು. ಒಂದೊಂದು ಡ್ರೈವಿಗೂ ಮುಂಚೆ ಅದರ ಬ್ಯಾಕಪ್ ಹೊಸದಾಗಿ ತೆಗೆಯಿರಿ, ಬೇರೆ ಮೆಷಿನ್ನಿಗೆ.

ಅಳಿಸುವುದು

ಅಳಿಸುವಾಗ ಮೇಲಿನಿಂದ ಕೆಳಗೆ ಬನ್ನಿ. ಮೊದಲು ಶೇರ್ ನಿಲ್ಲಿಸಿ, ವಿಂಡೋಸ್‌ನಲ್ಲಿ ಡಿಸ್ಕನ್ನು ಆಫ್‌ಲೈನ್ ಮಾಡಿ, ಒಂದು ದಿನ ಹಾಗೇ ಬಿಡಿ. ಯಾರೂ ಕೂಗಾಡದಿದ್ದರೆ ಎಸ್‌ಎಸ್‌ಎಗೆ ಹೋಗಿ. ಅಲ್ಲಿ ಲಾಜಿಕಲ್ ಡ್ರೈವಿನ ವಿವರದಲ್ಲಿ ಆಪರೇಟಿಂಗ್ ಸಿಸ್ಟಮ್ ಅದನ್ನು ಯಾವ ಹೆಸರಿನಿಂದ ಕರೆಯುತ್ತದೆ ಅಂತ ಇರುತ್ತದೆ, ಹಾಳೆಯೊಂದಿಗೆ ತಾಳೆ ನೋಡಿ. ಡಿಲೀಟ್ ಲಾಜಿಕಲ್ ಡ್ರೈವ್ ಮತ್ತು ಡಿಲೀಟ್ ಅರೇ ಬೇರೆ ಬೇರೆ. ಎರಡನೆಯದು ಅದರ ಮೇಲಿನ ಎಲ್ಲ ಲಾಜಿಕಲ್ ಡ್ರೈವ್‌ಗಳನ್ನೂ ಒಟ್ಟಿಗೆ ಒಯ್ಯುತ್ತದೆ.

ಅಳಿಸಿದ ಮಾತ್ರಕ್ಕೆ ಡೇಟಾ ಹೋಗಿರುವುದಿಲ್ಲ. ಡ್ರೈವ್ ಮಾರುವುದಿದ್ದರೆ ಎಸ್‌ಎಸ್‌ಎಯಲ್ಲೇ ಇರೇಸ್ ಡ್ರೈವ್ ಹಚ್ಚಿ ಬಿಡಿ, ರಾತ್ರಿ ಕಳೆಯುವಷ್ಟು ಹೊತ್ತು ಹಿಡಿಯುತ್ತದೆ. ತಿರುಗದ, ಕಂಟ್ರೋಲರಿಗೆ ಕಾಣದ ಡ್ರೈವಿಗೆ ಆ ಉಪಾಯ ನಡೆಯುವುದಿಲ್ಲ. ಆ ನಕ್ಷೆ ಆಫೀಸಿನಲ್ಲಿ ಅಂಥ ಮೂರು ಡ್ರೈವ್ ಬೀರುವಿನಲ್ಲಿ ಬಿದ್ದಿದ್ದವು. ಪಕ್ಕದ ಬೀದಿಯ ವೆಲ್ಡಿಂಗ್ ಅಂಗಡಿಗೆ ಒಯ್ದು, ಒಂದೊಂದಕ್ಕೆ ನಾಲ್ಕು ತೂತು ಕೊರೆಸಿ, ಆಮೇಲೆ ಇ-ವೇಸ್ಟ್‌ನವರಿಗೆ ಕೊಟ್ಟೆವು. ಡ್ರಿಲ್ ಹಿಡಿದ ಹುಡುಗ ಒಳಗಿನ ಹೊಳೆಯುವ ತಟ್ಟೆ ನೋಡಿ, ಕನ್ನಡಿ ಮಾಡ್ಕೋಬಹುದಿತ್ತಲ್ಲ ಸಾರ್ ಅಂದ.